ಕಾಯುವ ಗುಂಪು

“ಒಬ್ಬರು ಮಧ್ಯದಲ್ಲೇ ಬಿಟ್ಟುಹೋದರು ಮೇಡಂ,” ಎಂದು ಅವಳು ಕನ್ನಡಿಗೆ ಹೇಳಿದಳು. ಕನ್ನಡಿಯಲ್ಲಿದ್ದವಳು ನಂಬಲಿಲ್ಲ. ದನಿ ತಗ್ಗಿಸಿ, ಆದದ್ದಕ್ಕೆ ತನಗೂ ಬೇಜಾರಿದೆ ಎಂಬಂತೆ ಹುಬ್ಬು ಕೂಡಿಸಿ, ಇನ್ನೊಮ್ಮೆ ಹೇಳಿದಳು. ಈ ಸಲ ಮಾತು ನಿಜದಂತೆಯೇ ಕೇಳಿಸಿತು. ಇಷ್ಟು ವಯಸ್ಸಾದ ಮೇಲೆ, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಕೂದಲು ಇಣುಕುವಾಗ, ಸುಳ್ಳು ಹೇಳುವುದನ್ನು ಹೀಗೆ ಕನ್ನಡಿ ಮುಂದೆ ಕಲಿಯಬೇಕಾಗಿ ಬಂತಲ್ಲ ಎಂದು ಬಾಚಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿಕೊಂಡು ನಿಂತಳು.

“ಯಾರೇ ಅದು ಬಿಟ್ಟುಹೋಗಿದ್ದು?” ಅಡುಗೆಮನೆಯಿಂದ ಅತ್ತೆಯ ದನಿ ಬಂತು.

“ಯಾರೂ ಇಲ್ಲ ಅತ್ತೆ.”

“ಯಾರೂ ಅಲ್ಲದವರನ್ನ ಬೆಳಿಗ್ಗೆಯಿಂದ ನೆನೆಸ್ಕೊಳ್ತಾನೇ ಇದೀಯಲ್ಲ. ಪಾಪ, ಒಳ್ಳೆಯವರೇ ಇರಬೇಕು.”

ಬಿಟ್ಟುಹೋದರು ಎಂದು ಅವಳು ಯಾರ ಬಗ್ಗೆ ಹೇಳಬೇಕೆಂದಿದ್ದಳೋ ಆ ಮನುಷ್ಯ ಎಲ್ಲಿಗೂ ಹೋಗಿರಲಿಲ್ಲ. ಕೆಲವೇ ಬೀದಿಗಳಾಚೆ, ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಈ ಹೊತ್ತಿಗೆ ಆಗಲೇ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಿರಬೇಕು. ಒಂದು ವಾರವೂ ತಪ್ಪಿಸದೆ ಅವಳ ಫೋನು ಎತ್ತಿದವರು ಅವರು. ಉಳಿದವರೆಲ್ಲ ಬಸ್ಸಿನಲ್ಲಿದೀನಿ, ಸ್ನಾನದಲ್ಲಿದೀನಿ, ಆಮೇಲೆ ಮಾಡಿ ಎನ್ನುವಾಗ, ಮೊದಲ ಗಂಟೆಗೇ ಎತ್ತಿ “ಹೇಳಿ ಮೇಡಂ” ಎನ್ನುತ್ತಿದ್ದ ಟೈಲರ್ ಮಾಸ್ಟ್ರು. ಅಂಥವರನ್ನೇ ಇವತ್ತು ಮಧ್ಯಾಹ್ನ ಕಾಲೇಜಿನ ಮೇಲ್ಮಹಡಿಯ ಕೋಣೆಯಲ್ಲಿ, ಒಂದೇ ವಾಕ್ಯದಲ್ಲಿ, ಇಲ್ಲವಾಗಿಸಬೇಕಿತ್ತು.

ಆ ಕೋಣೆ ಸಾಕ್ಷಿ ಮೇಡಂ ಅವರದ್ದು. ಆಪ್ತಸಮಾಲೋಚನೆಯ ಸ್ನಾತಕೋತ್ತರ ತರಗತಿಗೆ ಅವರು ಸಂಶೋಧನೆ ಮಾಡುವ ವಿಧಾನ ಕಲಿಸುತ್ತಿದ್ದರು. ಯಾರು ಏನೇ ಹೇಳಿದರೂ, ಹೊರಗೆ ಬಿಸಿಲಿದೆ ಎಂದರೂ, ಕನ್ನಡಕದ ಮೇಲಿಂದ ನೋಡಿ “ಸಾಕ್ಷಿ?” ಎಂದು ಕೇಳುತ್ತಿದ್ದುದರಿಂದ ತರಗತಿಯವರು ಇಟ್ಟ ಹೆಸರು ಅದು. ತರಗತಿಯವರೆಂದರೆ ಎಲ್ಲ ಇಪ್ಪತ್ತರ ಆಚೀಚಿನವರು. ಶಾಲೆಯ ಕೆಲಸ ಬಿಟ್ಟು ಬಂದ ಇವಳೊಬ್ಬಳೇ ಅವರಿಗೆಲ್ಲ ದೊಡ್ಡಕ್ಕ. ಮೊದಲ ದಿನವೇ ದೊಡ್ಡಕ್ಕ ಎದ್ದು ನಿಂತು, ತನಗೆ ಗೊತ್ತಿದ್ದ ಒಂದೇ ವಿಷಯವನ್ನು ಧೈರ್ಯವಾಗಿ ಹೇಳಿದ್ದಳು: ಕಷ್ಟ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ. “ಸಾಕ್ಷಿ?” ಎಂದರು ಮೇಡಂ. “ನಾನೇ ನೋಡಿದೀನಿ ಮೇಡಂ, ಬಸ್ಸಲ್ಲಿ ಪಕ್ಕ ಕೂತವರೆಲ್ಲ ನನ್ನ ಹತ್ರ ಅತ್ತಿದಾರೆ.” ತರಗತಿ ಗೊಳ್ಳೆಂದಿತು. ಮೇಡಂ ನಗಲಿಲ್ಲ. “ಅವರು ಬಸ್ಸಿಳಿದ ಮೇಲೆ ಏನಾಯ್ತು ಅಂತ ಕೇಳಿದೀರಾ?” ಎಂದರು. ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಕೂತಳು. ಕಿವಿ ಬಿಸಿಯಾಗಿತ್ತು. ಅತ್ತವರ ಮುಖಗಳೆಲ್ಲ ಒಂದೊಂದಾಗಿ ನೆನಪಾಗಿ, ಒಬ್ಬೊಬ್ಬರೂ ಯಾವುದೋ ನಿಲ್ದಾಣದಲ್ಲಿ ಇಳಿದು, ಚೀಲ ಸರಿಮಾಡಿಕೊಂಡು, ಅವಳಿಗೆ ಬೆನ್ನು ತಿರುಗಿಸಿ ನಡೆದುಹೋದರು.

ಅವತ್ತಿನ ಅವಮಾನದಿಂದಲೇ ಈ ಅಧ್ಯಯನ ಹುಟ್ಟಿದ್ದು. ಮನೆಯಲ್ಲಿ ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವವರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಮಾತಾಡಿದರೆ ಅವರ ಮನಸ್ಸಿನ ಭಾರ ನಿಜವಾಗಿಯೂ ಇಳಿಯುತ್ತದೆಯೇ? ಆಸ್ಪತ್ರೆಯವರು ಒಂದು ಕೋಣೆ ಕೊಟ್ಟರು, ಒಂದಷ್ಟು ಜನ ಬಂದರು, ಚೀಟಿ ಎತ್ತಿದ್ದಾಯಿತು. ಅರ್ಧ ಜನ ಈಗಲೇ ಗುಂಪಿಗೆ ಬರುವವರು, ಇನ್ನರ್ಧ ಕಾಯುವವರು. ಕಾಯುವವರ ಪಾಳಿ ಆಮೇಲೆ. ಅಲ್ಲಿಯವರೆಗೆ ಅವರಿಗೆ ವಾರಕ್ಕೊಂದು ಫೋನು ಮಾತ್ರ, ಅದರಲ್ಲಿ ಅವೇ ಎಂಟು ಪ್ರಶ್ನೆಗಳು. ಸುಸ್ತು ಎಷ್ಟಿತ್ತು, ನಿದ್ದೆ ಕೆಟ್ಟಿತ್ತೇ, ಅಳು ಬರುತ್ತಿತ್ತೇ. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಮೂರು. ಗುಂಪಿನವರ ಭಾರ ಇಳಿದು ಕಾಯುವವರ ಭಾರ ಹಾಗೇ ಇದ್ದರೆ, ಇಳಿಸಿದ್ದು ಮಾತೇ ಎಂದು ಹೇಳಬಹುದು. “ಪ್ರಶ್ನೆ ಓದಿ, ಉತ್ತರ ಬರ್ಕೊಳ್ಳಿ, ಥ್ಯಾಂಕ್ಸ್ ಹೇಳಿ, ಫೋನಿಡಿ,” ಎಂದಿದ್ದರು ಮೇಡಂ. “ಕಾಯೋರಿಗೆ ಅಯ್ಯೋ ಪಾಪ ಅಂದ್ರೋ, ನಿಮ್ಮ ಅಧ್ಯಯನ ಅಲ್ಲಿಗೆ ಮುಗೀತು.”

ಮಾಸ್ಟ್ರು ಬಿಡಿಸಿದ ಚೀಟಿಯಲ್ಲಿ ಕಾಯುವುದಿತ್ತು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಮನೆ ದಾರಿ, ಮಕ್ಕಳ ಮುಖ, ಕೊನೆಗೆ ಗಂಡ, ಹೀಗೆ ಒಂದೊಂದೇ ಅಳಿಸಿಹೋಗುತ್ತಿತ್ತು. ಅವತ್ತು ಚೀಟಿ ಮಡಿಸಿ ಮೇಜಿನ ಮೇಲಿಟ್ಟು, “ಪರವಾಗಿಲ್ಲ ಮೇಡಂ, ಬಟ್ಟೆ ಕೊಟ್ಟವರನ್ನ ನಾನೂ ಎಷ್ಟು ಕಾಯಿಸಿದೀನಿ,” ಎಂದು ನಕ್ಕಿದ್ದರು. ಮೊದಲ ಫೋನಿನಲ್ಲಿ ಅವರು ಎಲ್ಲದಕ್ಕೂ ಮೂರು ಎಂದರು. ತಾವು ನೋಡಿಕೊಳ್ಳುತ್ತಿರುವ ರೋಗಿಯ ಮೇಲೆ ಸಿಟ್ಟು ಬಂದಿತ್ತೇ ಎಂಬ ಪ್ರಶ್ನೆಗೆ ಮಾತ್ರ ತಡೆದು, ಯಂತ್ರ ನಿಲ್ಲಿಸಿ, “ಅದಕ್ಕೂ ಮೂರೇ ಬರ್ಕೊಳ್ಳಿ,” ಎಂದರು. ಅವಳ ಗಂಟಲಲ್ಲಿ ಸಮಾಧಾನದ ಮಾತುಗಳೆಲ್ಲ ನೂಕುನುಗ್ಗಲಾಗಿ ಬಂದು ನಿಂತವು. ಒಂದನ್ನೂ ಹೊರಗೆ ಬಿಡಲಿಲ್ಲ. ಬಂದದ್ದು ಬರೀ ಉಸಿರು. ಥ್ಯಾಂಕ್ಸ್ ಹೇಳಿದಳು. ಆದರೆ ಫೋನಿಡಲು ಕೈ ಬರಲಿಲ್ಲ. ಅವರೂ ಇಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯಿಂದ ಯಂತ್ರದ ಟಕಟಕ ಮತ್ತೆ ಶುರುವಾಯಿತು, ಅವಳು ಕಿವಿಗೊಟ್ಟು ಕೂತಳು. ಉದ್ದನೆಯ ಹೊಲಿಗೆ ಒಂದೇ ಸಮನೆ ಓಡಿ, ತಿರುವಿನಲ್ಲಿ ನಿಧಾನವಾಗಿ, ದಾರ ಕತ್ತರಿಸುವಾಗ ಸುಮ್ಮನಾಗುತ್ತಿತ್ತು. ಅದೇ ಪ್ರತಿ ವಾರದ ಪದ್ಧತಿಯಾಯಿತು. ಒಂದು ಮಾತೂ ಇಲ್ಲ. ನಿಯಮ ಮುರಿದದ್ದೂ ಅಲ್ಲ, ಪಾಲಿಸಿದ್ದೂ ಅಲ್ಲ.

ಬರಬರುತ್ತಾ ಮಾಸ್ಟ್ರ ಸಂಖ್ಯೆಗಳು ಇಳಿಯತೊಡಗಿದವು. ಮೂರು ಇದ್ದದ್ದು ಎರಡಾಯಿತು, ಎರಡು ಒಂದಾಯಿತು, ಕಳೆದ ವಾರ ಎಂಟಕ್ಕೆ ಎಂಟೂ ಸೊನ್ನೆ. ಗುಂಪಿನಲ್ಲಿ ಕೂತು ಮಾತಾಡಿದ ಯಾರೂ ಅಷ್ಟು ಇಳಿದಿರಲಿಲ್ಲ. ಅದನ್ನು ನೋಡಿದಾಗ ಅವಳಿಗಾದ ಸಂತೋಷ ಎಂಥದೆಂದು ಅವಳು ಯಾರಿಗೂ ಹೇಳಿರಲಿಲ್ಲ. ಅದರಲ್ಲಿ ಮಾಸ್ಟ್ರು ಸುಧಾರಿಸಿದರಲ್ಲ ಎಂಬುದು ಸ್ವಲ್ಪ, ತಾನು ಬಾಯಿ ಬಿಡದೆಯೇ, ಬರೀ ಜೊತೆಗಿದ್ದೇ ಒಬ್ಬರನ್ನು ಎತ್ತಿ ನಿಲ್ಲಿಸಿಬಿಟ್ಟೆ ಎಂಬುದು ಬಹಳ. ಪಾತ್ರೆ ತೊಳೆಯುತ್ತಾ ಒಬ್ಬಳೇ ಮುಗುಳ್ನಗುತ್ತಿದ್ದಳು. ಬಸ್ಸಿನಲ್ಲಿ ಅತ್ತವರೆಲ್ಲ ಒಮ್ಮೆಲೇ ಹಿಂತಿರುಗಿ ನೋಡಿ ಕೈಬೀಸಿದಂತಾಗಿತ್ತು. ಆಮೇಲೆ ಲೆಕ್ಕ ಹಾಕುವ ದಿನ ಬಂತು. ತರಗತಿಯಲ್ಲಿ ಅಂಕಿಸಂಖ್ಯೆಗೆ ಹೆಸರಾದ ಲೆಕ್ಕದ ಹುಡುಗಿ ಅವಳ ಪಕ್ಕ ಕೂತು ಕಂಪ್ಯೂಟರಿನಲ್ಲಿ ಎಲ್ಲವನ್ನೂ ತುಂಬಿ, ತುಟಿ ಓರೆ ಮಾಡಿದಳು. “ದೊಡ್ಡಕ್ಕ, ಈ ಒಬ್ಬ ತಾತನಿಂದ ನಿಮ್ಮ ಎರಡು ಗುಂಪೂ ಒಂದೇ ಆಗೋಗಿದೆ. ಇವರನ್ನ ತೆಗೆದ್ರೆ ವ್ಯತ್ಯಾಸ ಎಷ್ಟು ಚೆನ್ನಾಗಿ ಬರುತ್ತೆ ನೋಡಿ. ಇಟ್ಕೊಂಡ್ರೆ ಫೇಲು.” “ತೆಗೆಯೋದು ಅಂದ್ರೆ?” “ಮಧ್ಯದಲ್ಲಿ ಬಿಟ್ಟುಹೋದ್ರು ಅನ್ನಿ. ಯಾರಾದ್ರೂ ಹೋಗಿ ಕೇಳ್ತಾರಾ?” ಫೇಲಾದರೆ ಎಲ್ಲ ಮೊದಲಿಂದ: ಹೊಸ ಜನ, ಹೊಸ ಚೀಟಿ, ಇನ್ನೊಂದು ಅವಧಿ. ಅಷ್ಟರಲ್ಲಿ ಲೆಕ್ಕದ ಹುಡುಗಿಯೂ ಉಳಿದವರೂ ಪದವಿ ಮುಗಿಸಿ ಕಪ್ಪು ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಂಡಿರುತ್ತಾರೆ. ದೊಡ್ಡಕ್ಕ ಮತ್ತೆ ಮೊದಲ ಬೆಂಚಿನಲ್ಲಿ.

“ಕಾಫಿ ಆರ್ತಾ ಇದೆ,” ಎಂದು ಅತ್ತೆ ಬಾಗಿಲಲ್ಲಿ ನಿಂತಿದ್ದರು, ಒಂದು ಕೈ ಚೌಕಟ್ಟಿನ ಮೇಲೆ, ಒಂದು ಮೊಣಕಾಲಿನ ಮೇಲೆ.

“ಮಂಡಿ ನೋವು ಜಾಸ್ತಿಯಾಗಿರೋ ಹಾಗಿದೆ ನಿಮಗೆ.”

“ಶುರು ಮಾಡಿದ್ಯಾ? ನಾನು ನೋವು ಅಂದ್ರೆ ನಿಮಗೆ ನೋವಾಗ್ತಿದೆ ಅಂತೀಯ. ಬೇಜಾರು ಅಂದ್ರೆ ನಿಮಗೆ ಬೇಜಾರಾಗಿದೆ ಅಂತೀಯ. ಸೊಸೆ ತಂದ್ಕೊಂಡ್ನೋ ಗಿಣಿ ಸಾಕಿದ್ನೋ ಗೊತ್ತಾಗ್ತಾ ಇಲ್ಲ.”

ಅವಳಿಗೆ ನಗು ಬಂತು. ಎದುರಿನವರು ಹೇಳಿದ್ದನ್ನು ಅವರಿಗೇ ತಿರುಗಿ ಹೇಳುವ, ಆಪ್ತಸಮಾಲೋಚನೆಯ ಮೊದಲ ಪಾಠವನ್ನು ಅವಳು ಮನೆಯಲ್ಲೇ ಅಭ್ಯಾಸ ಮಾಡಿದ್ದಳು, ಎಂಟು ಪ್ರಶ್ನೆಗಳನ್ನೂ ಮೊದಲು ಪರೀಕ್ಷಿಸಿದ್ದು ಅತ್ತೆಯ ಮೇಲೆಯೇ. ಗಂಡ ರೈಲಿನಲ್ಲಿ ಗಾರ್ಡು, ಅರ್ಧ ವಾರ ಯಾವುದೋ ಊರಿನ ವಿಶ್ರಾಂತಿ ಕೋಣೆಯಲ್ಲಿರುತ್ತಾನೆ, ಹಾಗಾಗಿ ಅವಳ ಓದಿನ ಕಾಟವನ್ನೆಲ್ಲ ತಡೆದುಕೊಂಡದ್ದು ಈ ಒಂದು ಜೀವ. ಅವತ್ತು ಅತ್ತೆ “ಎಲ್ಲಕ್ಕೂ ಸೊನ್ನೆ ಬರ್ಕೊ, ಮಾರ್ಕೆಟ್ಟಿಗೆ ಹೋಗ್ಬೇಕು,” ಎಂದಿದ್ದರು. ಈಗ ಕಾಫಿ ಕುಡಿದು ಲೋಟ ಇಡುವಾಗ ಅವಳಿಂದ ದೊಡ್ಡದೊಂದು ನಿಟ್ಟುಸಿರು ಬಂತು. “ನಿಧಾನ ಕಣೇ,” ಎಂದರು ಅತ್ತೆ, “ನೀನು ಉಸಿರು ಬಿಟ್ರೆ ಸ್ಟವ್ ಆರಿಹೋಗುತ್ತೆ.”

ಕಾಲೇಜಿಗೆ ಹೊರಟವಳು ಟೈಲರ್ ಅಂಗಡಿಯ ಕಡೆ ತಿರುಗಿದಳು. ಕಾಯುವ ಅವಧಿ ಮುಗಿದಿತ್ತು, ಮುಂದಿನ ವಾರದಿಂದ ಅವರ ಪಾಳಿ, ಅದನ್ನು ತಿಳಿಸುವುದು ಅವಳ ಕೆಲಸವೇ. ಅದನ್ನು ಫೋನಿನಲ್ಲೂ ತಿಳಿಸಬಹುದಿತ್ತು. ನಡೆಯುತ್ತಾ ನಡೆಯುತ್ತಾ, ತಾನು ಯಾಕೆ ಹೋಗುತ್ತಿದ್ದೇನೆಂದು ಗೊತ್ತಾಗಿ ಅವಳಿಗೆ ನಾಚಿಕೆಯಾಯಿತು. ಮಾಸ್ಟ್ರು ತಾವಾಗಿಯೇ “ಇನ್ನು ಸಾಕು ಮೇಡಂ, ನನ್ನ ಬಿಟ್ಬಿಡಿ,” ಎಂದುಬಿಟ್ಟರೆ? ಬಿಟ್ಟುಹೋದರು ಎಂಬುದು ಆಗ ಸುಳ್ಳಲ್ಲ, ಒಂದೆರಡು ದಿನ ಆಚೀಚೆ ಅಷ್ಟೆ. ಒಳ್ಳೆಯ ಬಟ್ಟೆಯಲ್ಲಿ ಇಸ್ತ್ರಿಯ ಸುಟ್ಟ ಕಲೆ ಅಡಗಿಸಲು ಮಡಿಕೆ ಹುಡುಕುವವಳಂತೆ ಅವಳು ಆ ಅಂಗಡಿಯ ಮೆಟ್ಟಿಲು ಹತ್ತಿದಳು.

ಅಂಗಡಿ ಒಂದು ಮಂಚದಷ್ಟಗಲ. ಗೋಡೆಗೆ ಹ್ಯಾಂಗರುಗಳಲ್ಲಿ ಯಾರ್ಯಾರದೋ ಅರ್ಧ ಮುಗಿದ ಮೈಗಳು. ಮೂಲೆಯ ಸ್ಟೂಲಿನ ಮೇಲೆ ಮಾಸ್ಟ್ರ ಹೆಂಡತಿ ಕೂತು, ಮಡಿಲ ತುಂಬ ಬಟ್ಟೆಯ ಚೂರುಗಳನ್ನು ಹರವಿಕೊಂಡು, ಒಂದೊಂದನ್ನೂ ಕರವಸ್ತ್ರದ ಹಾಗೆ ಮಡಿಸಿ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ತುಂಬಿದಾಗ ಮಾಸ್ಟ್ರು ಏನೂ ಹೇಳದೆ ಎತ್ತಿ, ಎಲ್ಲವನ್ನೂ ಬಿಡಿಸಿ, ಮತ್ತೆ ಅವರ ಮಡಿಲಿಗೆ ಸುರಿದರು. ಆಕೆ ಕೃತಜ್ಞತೆಯಿಂದ ನಕ್ಕು ಮೊದಲಿಂದ ಶುರುಮಾಡಿದರು.

“ಯಾರು ಇವರು?” ಎಂದು ಆಕೆ ಕೇಳಿದರು.

“ಫೋನಿನವರು ಕಣೇ. ನಾನು ಹೇಳ್ತಿರ್ತೀನಲ್ಲ.”

“ಫೋನು ಕೆಟ್ಟಿದ್ಯಾ?”

“ಇಲ್ಲ, ಚೆನ್ನಾಗಿದೆ,” ಎಂದು ಮಾಸ್ಟ್ರು ಇವಳತ್ತ ತಿರುಗಿ ಕಣ್ಣಲ್ಲೇ ನಕ್ಕರು. “ಕೂತ್ಕೊಳ್ಳಿ ಮೇಡಂ. ಮುಖ ನೋಡಿ ಎಷ್ಟು ದಿನ ಆಯ್ತು.”

ಅವಳು ಪಾಳಿಯ ವಿಷಯ ಹೇಳಿದಳು. ಅವರು ಯಂತ್ರದ ಚಕ್ರದ ಮೇಲೆ ಅಂಗೈಯಿಟ್ಟು ಯೋಚಿಸಿ, ಬೇಡ ಎಂದರು. ಆ ಹೊತ್ತಿಗೆ ಹೆಂಡತಿಯನ್ನು ಯಾರ ಹತ್ತಿರ ಬಿಟ್ಟು ಬರುವುದು? ಇವಳ ಎದೆ ಹಗುರಾಯಿತು, ಹಗುರಾಯಿತೆಂದು ಗೊತ್ತಾಗಿ ಮತ್ತೆ ಭಾರವಾಯಿತು. ಬೇಕಿದ್ದದ್ದು ಸಿಕ್ಕಿತ್ತು. ಎದ್ದು ಹೊರಡಬಹುದಿತ್ತು. ಆದರೆ ಫೋನಿಡಲು ಕೈ ಬಾರದ ಹಾಗೆ ಈಗ ಕಾಲು ಬರಲಿಲ್ಲ, ಬೆಂಚಿನ ತುದಿಯಲ್ಲಿ ಹಾಗೇ ಕೂತಳು. ಮಾಸ್ಟ್ರು ಹೊಲಿಗೆಗೆ ಕೈಹಚ್ಚಿದರು. ಇಷ್ಟು ದಿನ ಕಿವಿಯಲ್ಲಿ ಕೇಳಿದ್ದೆಲ್ಲ ಕಣ್ಣಿಗೆ ಕಂಡಿತು: ಉದ್ದದ ಓಟ, ತಿರುವು, ದಾರ ಕತ್ತರಿಸುವಾಗಿನ ಮೌನ. ಆ ಮೌನದಲ್ಲಿ ಅವರು ಪ್ರತಿ ಸಲವೂ ತಲೆಯೆತ್ತಿ ಹೆಂಡತಿಯ ಸ್ಟೂಲಿನ ಕಡೆ ನೋಡಿ, ಇದ್ದಾಳೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ದಾರ ಕತ್ತರಿಸುವುದಕ್ಕೆ ಅಷ್ಟು ಹೊತ್ತು ಬೇಡವೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ.

“ನೀವು ಸುಧಾರಿಸಿದ್ರಲ್ಲ ಮಾಸ್ಟ್ರೇ, ಅದೇ ನನಗೆ ಸಂತೋಷ,” ಎಂದಳು. ಹೊಗಳಿಕೆಗೆ ಕೈಚಾಚಿದ ಮಾತು ಅದು ಎಂದು ಹೇಳುವಾಗಲೇ ಗೊತ್ತಾಯಿತು.

ಅವರು ಯಂತ್ರ ನಿಲ್ಲಿಸಿದರು. “ಒಂದು ಮಾತು ಹೇಳ್ಲಾ ಮೇಡಂ? ಬೇಜಾರು ಮಾಡ್ಕೋಬಾರ್ದು.”

“ಹೇಳಿ.”

“ಮೊದಲನೇ ಸಲ ಎಲ್ಲದಕ್ಕೂ ಮೂರು ಅಂದೆ, ನೆನಪಿದ್ಯಾ? ನೀವು ಒಂದು ಉಸಿರು ಬಿಟ್ರಿ. ನನ್ನ ಎದೆ ಧಸಕ್ಕಂತು. ಅಯ್ಯೋ, ಈ ಹೆಣ್ಮಗಳು ಎಷ್ಟು ಜನಕ್ಕೆ ಫೋನು ಮಾಡ್ಬೇಕೋ, ಎಲ್ಲರೂ ಹೀಗೆ ಮೂರು ಮೂರು ಅಂತ ತಲೆ ಮೇಲೆ ಹಾಕಿದ್ರೆ ಮನೆಗೆ ಹೋಗಿ ಅನ್ನ ಸೇರುತ್ತಾ ಅನ್ನಿಸ್ತು. ಮುಂದಿನ ವಾರ ಒಂದೆರಡಕ್ಕೆ ಎರಡು ಅಂದು ನೋಡ್ದೆ. ಉಸಿರು ಸಣ್ಣದಾಯ್ತು. ಹಾಗೇ ಇಳಿಸ್ತಾ ಬಂದೆ. ಹೋದ ವಾರ ಎಲ್ಲ ಸೊನ್ನೆ ಅಂದಾಗ ನಿಮ್ಮ ದನಿ ಎಷ್ಟು ಗೆಲುವಾಗಿತ್ತು ಗೊತ್ತಾ? ಅವತ್ತೆಲ್ಲ ನನಗೂ ಒಂಥರಾ ಚೆನ್ನಾಗಿತ್ತು.”

ಅವಳು ಮುಖ ಎಲ್ಲಿಡಬೇಕೆಂದು ತಿಳಿಯದೆ ಗೋಡೆಯ ಮೇಲಿನ ತೋಳಿಲ್ಲದ ಕೋಟೊಂದನ್ನು ನೋಡಿದಳು. ಪಾತ್ರೆ ತೊಳೆಯುತ್ತಾ ನಕ್ಕ ಆ ನಗು ನೆನಪಾಗಿ ಮೈ ಹಿಡಿಯಾಯಿತು. ತಾನು ಅವರನ್ನು ಎತ್ತಿ ನಿಲ್ಲಿಸಿದೆ ಎಂದುಕೊಂಡಿದ್ದಾಗ, ಈ ಮನುಷ್ಯ ಒಂದು ಕೈಯಲ್ಲಿ ಹೆಂಡತಿಯನ್ನು ಹಿಡಿದುಕೊಂಡು, ಇನ್ನೊಂದರಲ್ಲಿ ವಾರಕ್ಕೊಮ್ಮೆ ತನ್ನನ್ನೂ ಹಿಡಿದುಕೊಂಡಿದ್ದರು. ನೋಡಿಕೊಳ್ಳುವುದು ಅವರಿಗೆ ಎಷ್ಟು ಮೈಗೂಡಿತ್ತೆಂದರೆ, ಭಾರ ಎಷ್ಟಿದೆ ಎಂದು ಅಳೆಯಲು ಬಂದವಳನ್ನೂ ಅವರು ಎತ್ತಿಕೊಂಡುಬಿಟ್ಟಿದ್ದರು.

“ಹಾಗಾದ್ರೆ ನಿಜವಾಗಿ ಈಗ ಎಷ್ಟು, ಮಾಸ್ಟ್ರೇ?” ಉಸಿರನ್ನು ಹೊಟ್ಟೆಯಲ್ಲೇ ಬಿಗಿಹಿಡಿದು ಕೇಳಿದಳು.

ಅವರು ಅವಳ ಮುಖವನ್ನು ಒಂದು ಗಳಿಗೆ ನೋಡಿದರು, ಬಟ್ಟೆ ಎಷ್ಟು ಎಳೆತ ತಡೆದೀತೆಂದು ನೋಡುವ ಹಾಗೆ. “ಮೂರೇ,” ಎಂದರು. “ಆದ್ರೆ ನೀವು ಫೋನಿಡದೆ ಕೂತಿರ್ತಿದ್ರಲ್ಲ, ಅಷ್ಟು ಹೊತ್ತು ಎರಡು ಅಂತಿಟ್ಕೊಳ್ಳಿ.” ಅಷ್ಟರಲ್ಲಿ ಮೂಲೆಯಿಂದ ಅವರ ಹೆಂಡತಿ ಎದ್ದು ಬಂದು, ನೀಟಾಗಿ ಮಡಿಸಿದ ಒಂದು ನೀಲಿ ಚೂರನ್ನು ಇವಳ ಅಂಗೈಯಲ್ಲಿಟ್ಟು, “ಕಣ್ಣು ಒರೆಸ್ಕೊಳ್ಳಮ್ಮ,” ಎಂದರು.

ಸಾಕ್ಷಿ ಮೇಡಂ ಕೋಣೆಯ ಹೊರಗೆ ಲೆಕ್ಕದ ಹುಡುಗಿ ಕಾಯುತ್ತಿದ್ದಳು. “ಬಿಟ್ಟುಹೋದ್ರು, ಅಷ್ಟೇ. ಜಾಸ್ತಿ ವಿವರಿಸೋಕೆ ಹೋಗ್ಬೇಡಿ ದೊಡ್ಡಕ್ಕ, ನಿಮ್ಮ ಮುಖ ನಿಮ್ಮ ಮಾತು ಕೇಳಲ್ಲ,” ಎಂದು ಪಿಸುಗುಟ್ಟಿ ಭುಜ ಒತ್ತಿದಳು. ಒಳಗೆ ಮೇಡಂ ಎದುರು ಕೂತಾಗ, ಕನ್ನಡಿಯ ಮುಂದೆ ಕಲಿತ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಈಗ ಅದಕ್ಕೆ ಇನ್ನೂ ಒಳ್ಳೆಯ ಕಾರಣವೂ ಸಿಕ್ಕಿತ್ತು, ಸುಳ್ಳು ಹೇಳಿದವರ ಉತ್ತರವನ್ನು ತೆಗೆದುಹಾಕುವುದು ತಪ್ಪೇನು? ಹಾಗಾದರೆ ಉಳಿದವರು? ಎಷ್ಟು ಜನರ ಕಿವಿಗೆ ತನ್ನ ಉಸಿರು ಬಿದ್ದಿತ್ತೋ, ಎಷ್ಟು ಜನ ಅದನ್ನು ಕೇಳಿ ಸಂಖ್ಯೆ ತಿದ್ದಿದರೋ. ಕೈಯಲ್ಲಿ ಆ ನೀಲಿ ಚೂರು ಇನ್ನೂ ಇತ್ತು. ಅದನ್ನು ಬಿಡಿಸುತ್ತಾ, ಮಡಿಸುತ್ತಾ, ಅವಳು ಎಲ್ಲವನ್ನೂ ಹೇಳಿದಳು. ಫೋನಿಡದೆ ಕೂತದ್ದು, ಉಸಿರು, ಸೊನ್ನೆಗಳು, ತಾನು ಒಳಗೊಳಗೇ ಉಬ್ಬಿದ್ದು, ಬಿಟ್ಟುಹೋದರು ಎಂದು ಹೇಳಬೇಕೆಂದಿದ್ದದ್ದು ಕೂಡ.

ಮೇಡಂ ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಕಣ್ಣು ಚಿಕ್ಕದಾಗಿ, ಆಗತಾನೆ ನಿದ್ದೆಯಿಂದ ಎದ್ದ ಮಗುವಿನದರಂತಿತ್ತು. “ಇವತ್ತು ನಿಮ್ಮ ಹತ್ರ ಯಾಕೆ ನಿಜ ಹೇಳಿದ್ರು ಅವರು?”

“ಗೊತ್ತಿಲ್ಲ ಮೇಡಂ.”

“ಬಸ್ಸಿಳಿದ ಮೇಲೆ ಹಿಂದೆ ಹೋಗಿ ಕೇಳಿದ್ರಲ್ಲ, ಅದಕ್ಕೆ.” ಮೇಡಂ ಆ ಮಾತನ್ನು ನೆನಪಿಟ್ಟುಕೊಂಡಿದ್ದಾರೆಂದು ಅವಳು ಎಣಿಸಿರಲಿಲ್ಲ. “ನಿಮ್ಮ ಇಡೀ ಅಧ್ಯಯನದಲ್ಲಿ ನಾನು ನಂಬೋ ಉತ್ತರ ಆ ಒಂದು ಮೂರು ಮಾತ್ರ.”

“ಹಾಗಾದ್ರೆ ಪಾಸಾ ಮೇಡಂ?”

“ಎಲ್ಲಿಯ ಪಾಸು? ಫೇಲು. ಇನ್ನೊಂದ್ಸಲ ಮಾಡಿ. ಆದ್ರೆ ಪ್ರಶ್ನೆ ಬೇರೆ ಇಟ್ಕೊಳ್ಳಿ. ಯಾರ ಮುಖ ನೋಡಿ ಜನ ತಮ್ಮ ಕಷ್ಟನ ಕಮ್ಮಿ ಮಾಡಿ ಹೇಳ್ತಾರೆ? ಈ ಸಲ ಫೋನು ನೀವು ಮಾಡಬೇಡಿ, ಉಸಿರಾಡದೇ ಇರೋ ಯಾರಾದ್ರೂ ಇದ್ರೆ ಅವರ ಕೈಲಿ ಮಾಡಿಸಿ.” ಮೇಡಂ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವಳತ್ತ ತಳ್ಳಿದರು. “ಮತ್ತೆ ಆ ಮಾಸ್ಟ್ರನ್ನ ಬಿಡಬೇಡಿ. ಅವರ ಪಾಳಿ ಅವರಿಗೆ ಸಿಗಲೇಬೇಕು. ಹೆಂಡ್ತೀನೂ ಕರ್ಕೊಂಡು ಬರ್ಲಿ, ಆ ಹೊತ್ತು ನಾನು ಜೊತೆ ಕೂತಿರ್ತೀನಿ. ಬಟ್ಟೆ ಮಡಿಸೋಕೆ ನನಗೂ ಬರುತ್ತೆ.”

ಸಂಜೆ ಮನೆಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಚೀಲ ಇಳಿಸುವ ಮೊದಲೇ ಕೇಳಿದರು, “ಏನಾಯ್ತೇ?”

“ಫೇಲು.”

“ಹೋಗ್ಲಿ ಬಿಡು, ಮನೇಲಿ ಒಬ್ಬರಾದ್ರೂ ಇನ್ನೂ ಓದ್ತಿದಾರೆ ಅಂತ ಹೇಳ್ಕೊಳ್ಳೋಕಾಗುತ್ತೆ.” ಆಮೇಲೆ ಅವಳ ಮುಖವನ್ನು ನೋಡಿ, ಸೊಸೆಯ ಫೋನಿನ ದನಿಯನ್ನು ಅಣಕಿಸುತ್ತಾ, ಗಂಭೀರವಾಗಿ ಕೇಳಿದರು: “ಕಳೆದ ವಾರ ನಿಮಗೆ ಸುಸ್ತು ಎಷ್ಟಿತ್ತು? ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಮೂರು.”

ಅವಳು ಒಂದು ಎನ್ನಲು ಬಾಯಿ ತೆರೆದಳು. ಅತ್ತೆಯ ಮುಖದಲ್ಲಿ ಆಟದ ನಗುವಿತ್ತು, ಕೈ ಮಾತ್ರ ಮೊಣಕಾಲನ್ನು ನೀವುತ್ತಿತ್ತು. “ಮೂರು,” ಎಂದಳು.

ಅತ್ತೆಯ ನಗು ನಿಂತಿತು. ಅಯ್ಯೋ ಎನ್ನಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು, ಮೆಟ್ಟಿಲಲ್ಲಿ ಜಾಗ ಬಿಟ್ಟರು. ಅವಳು ಕೂತಳು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

“ನನ್ನ ಮಂಡಿಗೂ ಮೂರು ಬರ್ಕೊ,” ಎಂದರು ಅತ್ತೆ.

“ಅವತ್ತು ಸೊನ್ನೆ ಅಂದ್ರಿ?”

“ಅವತ್ತು ನಿನ್ನ ಮುಖ ನೋಡೋ ಹಾಗಿರ್ಲಿಲ್ಲ.”

ಅವಳ ಎದೆಯಲ್ಲಿ ದೊಡ್ಡದೊಂದು ಉಸಿರು ಎದ್ದು ಗಂಟಲಿಗೆ ಬಂತು. ತುಟಿ ಬಿಗಿದು ತಡೆದಳು. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರಾಡಿತು. ಅತ್ತೆ ಓರೆಗಣ್ಣಿನಿಂದ ನೋಡಿ, ಅವಳ ಬೆನ್ನಿಗೆ ಅಂಗೈಯಿಂದ ಮೆಲ್ಲಗೆ ಬಡಿದರು.

“ಬಿಡೇ, ಅದನ್ನ ಯಾಕೆ ಹಿಡ್ಕೊಂಡಿದೀಯ,” ಎಂದರು. “ನಾನು ಮೂರು ಅಂದಿದ್ದು ಮೂರೇ. ಇಳಿಸಲ್ಲ.”

ಅವಳು ಉಸಿರು ಬಿಟ್ಟಳು.